ಪದಚರ್ಚೆ: ‘ಜಸ್ಟ್ ಟ್ರಾನ್ಸಿಷನ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ಕಾಡುತ್ತಿದೆ. ಒಬ್ಬಳೇ ಕೂತು ತೀರ್ಮಾನ ಮಾಡೋದಕ್ಕೆ ಧೈರ್ಯ ಸಾಲುತ್ತಿಲ್ಲ. ಸ್ವಲ್ಪ ಉದ್ದ ಬರೆದಿದ್ದೇನೆ. ದಯವಿಟ್ಟು ಕೊನೆತನಕ ಓದಿ, ನಿಮಗೆ ತೋಚಿದ್ದನ್ನು ಹೇಳಿ.

ಮಂಡ್ಯದಲ್ಲಿ ಕೂತು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಲ್ಲಿದ್ದಲ ಗಣಿ ಇರುವ ಊರುಗಳು, ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಊರುಗಳು ಇರುತ್ತವಲ್ಲ. ಗಾಳಿ, ಬಿಸಿಲಿನ ಕರೆಂಟು ಬಂದು ಅಲ್ಲಿನ ಗಣಿ, ಸ್ಥಾವರ ಮುಚ್ಚುವಾಗ ಜನ ಬೀದಿಗೆ ಬೀಳಬಾರದು ಅಂತ ಕೆಲವು ದೇಶಗಳು ಕಾಯ್ದೆ ಮಾಡಿಕೊಂಡಿವೆ. ಕೈಪಿಡಿ ಅದರ ಬಗ್ಗೆ. ಓದುವವರು ಕಲ್ಲಿದ್ದಲ ಕರೆಂಟಿನ ಸ್ಥಾವರಗಳಿರುವ ಶಕ್ತಿನಗರ, ಯರಮರಸ್, ಕುಡತಿನಿ ಕಡೆಯ ಕೆಲಸಗಾರರು, ಅವರ ಮನೆಯವರು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿ ಇಲ್ಲ, ನಿಜ. ಆದರೆ ಶಕ್ತಿನಗರದ ರಾಯಚೂರು ಸ್ಥಾವರವೊಂದೇ 1,720 ಮೆಗಾವಾಟಿನದು. ಅದರ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಆ ಟೌನ್‌ಶಿಪ್ಪು, ಅಲ್ಲಿನ ಅಂಗಡಿ, ಹೋಟೆಲು, ಬೂದಿ ಹೊರುವ ಲಾರಿ, ಎಲ್ಲ ನಿಂತಿರುವುದು ರೈಲಿನಲ್ಲಿ ಬರುವ ಕಲ್ಲಿದ್ದಲ ಮೇಲೆ.

ಈ ಕಾಯ್ದೆಗಳ ತಿರುಳಿಗೆ ಇಂಗ್ಲಿಷಿನಲ್ಲಿ ‘ಜಸ್ಟ್ ಟ್ರಾನ್ಸಿಷನ್’ ಎಂದು ಹೆಸರು. ಇಲ್ಲಿ ‘ಜಸ್ಟ್’ ಅಂದರೆ ನ್ಯಾಯವಾದ, ‘ಟ್ರಾನ್ಸಿಷನ್’ ಅಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವುದು. ಇದನ್ನು ಹಾಗೇ ಇಟ್ಟುಬಿಡೋಣ ಅಂದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ‘ಜಸ್ಟ್’ ನಮ್ಮ ಮಾತಿಗೆ ಬಂದು ಎಷ್ಟೋ ಕಾಲ ಆಯಿತು. ಆದರೆ ಬಂದಿರುವುದು ಇನ್ನೊಂದು ಅರ್ಥದಲ್ಲಿ. ಜಸ್ಟ್ ಪಾಸ್, ಜಸ್ಟ್ ಮಿಸ್, ಈಗ ಜಸ್ಟ್ ಬಂದೆ. ಅಂದರೆ ಸುಮ್ನೆ, ಬರೀ, ಅಷ್ಟೇ ಅಂತ. ಮೊನ್ನೆ ಗೆಳತಿಯೊಬ್ಬಳು ಇದೇ ಕೈಪಿಡಿಯ ಒಂದು ಅಧ್ಯಾಯವನ್ನು ಕಂಪ್ಯೂಟರಿನಲ್ಲಿ ಅನುವಾದ ಮಾಡಿ ಕಳಿಸಿದಳು. ಅದರಲ್ಲಿ ಹೀಗಿತ್ತು: ‘ಕಾರ್ಮಿಕರಿಗೆ ಕೇವಲ ಪರಿವರ್ತನೆ ಒದಗಿಸುವುದು ಸರ್ಕಾರದ ಹೊಣೆ.’ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಬರೀ ಬದಲಾವಣೆ ಸಾಲದು ಅಂತ ಕೂಗಿ ಹೇಳಲು ಹುಟ್ಟಿದ ಮಾತು ಇದು. ಕನ್ನಡದಲ್ಲಿ ಅದೇ ‘ಬರೀ ಬದಲಾವಣೆ’ ಆಗಿ ಕೂತಿತ್ತು.

ಮಾತು ಹುಟ್ಟಿದ ಕತೆ ಗೊತ್ತಿದ್ದರೆ ಅರ್ಥ ಹಿಡಿಯೋದು ಸುಲಭ. ಅಮೆರಿಕದಲ್ಲಿ ತೈಲ, ರಾಸಾಯನಿಕ, ಅಣು ಕಾರ್ಖಾನೆಗಳ ಕೆಲಸಗಾರರ ಸಂಘದಲ್ಲಿ ಟೋನಿ ಮಜ್ಜೋಕಿ ಎಂಬ ನಾಯಕರಿದ್ದರು. ವಿಷ ಸೇರಿ ಕೆಟ್ಟ ನೆಲವನ್ನು ಶುಚಿ ಮಾಡಲು ಅಲ್ಲಿ 1980ರಲ್ಲೇ ಒಂದು ಕಾಯ್ದೆ, ಒಂದು ನಿಧಿ ಬಂದಿತ್ತು. ಮಣ್ಣಿಗೇ ನಿಧಿ ಇರುವಾಗ ಮನುಷ್ಯರಿಗೆ ಯಾಕಿಲ್ಲ ಎಂದು ಅವರು ಕೇಳಿದರು. ಕಾರ್ಖಾನೆ ಮುಚ್ಚಬೇಕಾದರೆ ಮುಚ್ಚಲಿ, ಆದರೆ ಕೆಲಸಗಾರರಿಗೆ ಸಂಬಳ, ಓದು, ಬೇರೆ ಕೆಲಸ ಸಿಗುವವರೆಗೆ ಆಸರೆ ಇರಲಿ ಅನ್ನೋದು ಅವರ ವಾದ. 1990ರ ದಶಕದಲ್ಲಿ ಅದಕ್ಕೆ ಈ ಹೆಸರು ಅಂಟಿತು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಈಗ ಆ ಮಾತಿದೆ. ಅಂದರೆ ಇದು ದುಡಿಯುವವರ ಬಾಯಲ್ಲಿ ಹುಟ್ಟಿದ ಮಾತು. ಕನ್ನಡಕ್ಕೆ ಬರುವಾಗ ದುಡಿಯುವವರಿಗೆ ಅರ್ಥವಾಗದ ಪದವಾಗಿ ಬಂದರೆ ಹೇಗೆ?

ಪತ್ರಿಕೆಯವರು ‘ನ್ಯಾಯಯುತ ಪರಿವರ್ತನೆ’, ‘ನ್ಯಾಯಸಮ್ಮತ ಪರಿವರ್ತನೆ’ ಎಂದು ಬರೆಯುತ್ತಾರೆ. ತಪ್ಪಿಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ.

ಅಂಗಡಿ ಅಂದರೆ ತಳ್ಳುಗಾಡಿ, ಮೇಲೊಂದು ತಗಡು. ಮೊದಲು ಅವರ ಹತ್ತಿರ ಇದ್ದಲ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದು ಕೆಂಡ ತುಂಬಿ, ಬೀಸಣಿಗೆಯಲ್ಲಿ ಬೀಸಿ, ಬೂದಿ ಹಾರಿಸಿ, ಆಮೇಲೆ ಬಟ್ಟೆಗೆ ಇಡುತ್ತಿದ್ದರು. ಬಿಳಿ ಅಂಗಿಯ ಮೇಲೆ ಕಿಡಿ ಬಿದ್ದು ತೂತಾದರೆ ಆ ದಿನದ ದುಡಿಮೆ ಹೋಯಿತು. ಈಗ ಗ್ಯಾಸಿನ ಪೆಟ್ಟಿಗೆ. ಸಿಲಿಂಡರಿನಿಂದ ಒಂದು ಪೈಪು ಬರುತ್ತದೆ, ಒಳಗೆ ನೀಲಿ ಉರಿ. ‘ಅಣ್ಣ, ಇದ್ದಲಿಂದ ಗ್ಯಾಸಿಗೆ ಬದಲಾಯಿಸಿದ್ರಲ್ಲ, ಅದಕ್ಕೆ ನೀವು ಏನಂತೀರಿ?’ ಎಂದು ಕೇಳಿದೆ. ಅವರು ಪೆಟ್ಟಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ‘ಬದ್ಲಾಯ್ಸಿದ್ದು ಅಂತೇನಿಲ್ಲ ಅಕ್ಕ. ಸಾಲ ಮಾಡ್ಕಂಡು ದಾಟ್ಕಂಡೆ.’

ಸ್ವಲ್ಪ ಹೊತ್ತು ಬಿಟ್ಟು ಅವರೇ ಮಾತು ಮುಂದುವರಿಸಿದರು. ‘ಇದ್ಲು ಮೂಟೆ ತಂದಾಕ್ತಿದ್ನಲ್ಲ, ಅವ್ನೇ ಏನಾದ್ನೋ. ನಾವೆಲ್ಲ ಗ್ಯಾಸ್ ಹಾಕ್ಕಂಡ್ಮೇಲೆ ಈ ಕಡೆಗೇ ಬರ್ಲಿಲ್ಲ.’

ಕೈಪಿಡಿಯ ಎಂಬತ್ತು ಪುಟ ಈ ಎರಡು ಮಾತಿನಲ್ಲಿ ಇದೆ. ಇಸ್ತ್ರಿ ಅಣ್ಣ ದಾಟಿದರು, ಸ್ವಂತ ಸಾಲದಲ್ಲಿ. ಇದ್ದಲಿನವನನ್ನು ಯಾರೂ ದಾಟಿಸಲಿಲ್ಲ. ‘ಪರಿವರ್ತನೆ’ ಎಂದು ಬರೆದರೆ ಈ ಇಬ್ಬರ ನಡುವಿನ ವ್ಯತ್ಯಾಸ ಕಾಣೋದೇ ಇಲ್ಲ. ಪರಿವರ್ತನೆ ತನ್ನಷ್ಟಕ್ಕೆ ತಾನೇ ಆಗುತ್ತದೆ, ಮಳೆ ಬಂದ ಹಾಗೆ. ಯಾರು ಮಾಡಿದರು, ಯಾರಿಗೆ ಮಾಡಿದರು, ಖರ್ಚು ಯಾರದ್ದು, ಆ ಪದ ಹೇಳುವುದಿಲ್ಲ. ‘ಗಣಿ ಮುಚ್ಚಿತು’ ಎನ್ನುವುದಕ್ಕೂ ‘ಗಣಿ ಮುಚ್ಚಿದರು’ ಎನ್ನುವುದಕ್ಕೂ ಇರುವ ಅಂತರವೇ ಇಲ್ಲೂ ಇದೆ.

ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ‘ಇಸು’ ಪ್ರತ್ಯಯ. ಉಣ್ಣು, ಉಣಿಸು. ಕಲಿ, ಕಲಿಸು. ದಾಟು, ದಾಟಿಸು. ಒಂದು ‘ಇಸು’ ಸೇರಿದ ಕೂಡಲೇ ಇನ್ನೊಬ್ಬರು ಬಂದು ನಿಲ್ಲುತ್ತಾರೆ, ಹೊಣೆ ಹೊತ್ತುಕೊಂಡು. ಇಂಗ್ಲಿಷಿನ ‘ಟ್ರಾನ್ಸಿಷನ್’ ಕೂಡ ಲ್ಯಾಟಿನ್ನಿನಲ್ಲಿ ‘ಆಚೆಗೆ ಹೋಗು’ ಎಂಬ ಮಾತಿನಿಂದ ಬಂದದ್ದೇ. ದಾಟು ಎಂದರೆ ಮೂಲಕ್ಕೂ ಹತ್ತಿರ. ಕಾಯ್ದೆಯ ಕೆಲಸ ದಾಟುವುದಲ್ಲ, ದಾಟಿಸುವುದು.

ಇನ್ನೊಂದು ಪದ ‘ಸಂಕ್ರಮಣ’. ‘ಸಂಕ್ರಮಣ ಕಾಲ’ ಎಂದು ಬರೆಯೋದು ರೂಢಿಯಲ್ಲಿದೆ. ಪದ ದೊಡ್ಡದು, ಆದರೆ ಅದೇ ನನ್ನನ್ನು ನಮ್ಮ ಊರ ಸಂಕ್ರಾಂತಿಗೆ ಕರೆದುಕೊಂಡು ಹೋಯಿತು. ಮಂಡ್ಯ, ಮೈಸೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಸಂಕ್ರಾಂತಿಯ ದಿನ ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವಿನ ಹಾರ ಹಾಕುತ್ತೇವೆ. ಹೊತ್ತು ಇಳಿದ ಮೇಲೆ ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚುತ್ತಾರೆ. ಎತ್ತುಗಳನ್ನು ಅದರ ಮೇಲೆ ಹಾರಿಸುತ್ತಾರೆ. ಇದಕ್ಕೆ ‘ಕಿಚ್ಚು ಹಾಯಿಸುವುದು’ ಎನ್ನುತ್ತೇವೆ. ಚಿಕ್ಕವಳಿದ್ದಾಗ ನನಗೆ ಎತ್ತು ಮಾತ್ರ ಕಾಣುತ್ತಿತ್ತು. ಈಗ ನೋಡಿದರೆ ಹಗ್ಗ ಹಿಡಿದವನು ಕಾಣುತ್ತಾನೆ. ಅವನು ಬದಿಯಲ್ಲಿ ನಿಂತು ಎತ್ತನ್ನು ಬೆಂಕಿಗೆ ಅಟ್ಟುವುದಿಲ್ಲ. ಹಗ್ಗ ಬಿಗಿಯಾಗಿ ಹಿಡಿದು ಜೊತೆಯಲ್ಲೇ ಓಡುತ್ತಾನೆ, ಜೊತೆಯಲ್ಲೇ ಹಾರುತ್ತಾನೆ. ಪಂಚೆ ಎತ್ತಿ ಕಟ್ಟಿರುತ್ತಾನೆ, ಕಾಲಿಗೆ ಚಪ್ಪಲಿ ಇರುವುದಿಲ್ಲ. ಅವನಿಗೂ ಶಾಖ ತಗಲುತ್ತದೆ.

‘ಹಾಯಿಸು’ ನಮ್ಮ ಕಡೆ ದಿನಬಳಕೆಯ ಮಾತು. ಗದ್ದೆಗೆ ನೀರು ಹಾಯಿಸುತ್ತೇವೆ. ಕಣ್ಣು ಹಾಯಿಸುತ್ತೇವೆ. ಇದರಲ್ಲೂ ಅದೇ ‘ಇಸು’ ಇದೆ. ನನಗೆ ದಾಟಿಸು, ಹಾಯಿಸು ಎರಡೂ ಇಷ್ಟ. ಆದರೆ ‘ಹಾಯಿಸು’ ಬಳ್ಳಾರಿ, ರಾಯಚೂರಿನ ಓದುಗರಿಗೆ ಇದೇ ಅರ್ಥ ಕೊಡುತ್ತದಾ? ಆ ಕಡೆಯವರು ಹೇಳಬೇಕು.

ಈಗ ‘ಜಸ್ಟ್’. ‘ನ್ಯಾಯಯುತ’ ಎಂದರೆ ಕೋರ್ಟಿನ ವಾಸನೆ. ನಮ್ಮ ಹಳ್ಳಿಗಳಲ್ಲಿ ‘ನ್ಯಾಯ’ ಎಂದರೆ ಜಗಳವೂ ಹೌದು, ಪಂಚಾಯ್ತಿಯೂ ಹೌದು. ‘ನ್ಯಾಯಕ್ಕೆ ಕೂರಿಸಿದರು’ ಎನ್ನುತ್ತಾರೆ. ಆದರೆ ‘ನ್ಯಾಯವಾಗಿ ನಮಗೆ ಬರಬೇಕಾದ್ದು’ ಎಂದಾಗ ಅದೇ ಪದ ಎಷ್ಟು ನೇರವಾಗಿದೆ ನೋಡಿ. ಇನ್ನೂ ಒಳ್ಳೆಯ ಉದಾಹರಣೆ ಪ್ರತಿ ಊರಲ್ಲೂ ಬೋರ್ಡಿನ ಮೇಲಿದೆ. ನ್ಯಾಯಬೆಲೆ ಅಂಗಡಿ. ಇದನ್ನು ಯಾರು ಕಟ್ಟಿದರೋ, ಅವರಿಗೆ ಕೈಮುಗಿಯಬೇಕು. ‘ನ್ಯಾಯಯುತ ಬೆಲೆಯ ಅಂಗಡಿ’ ಎಂದು ಬರೆದಿದ್ದರೆ ಯಾರ ಬಾಯಿಗೂ ಹತ್ತುತ್ತಿರಲಿಲ್ಲ. ಇದೇ ಅಚ್ಚಿನಲ್ಲಿ ‘ನ್ಯಾಯದಾಟು’ ಎಂದು ಕಟ್ಟಿ ನೋಡಿದೆ. ಒಂದು ದಿನ ಖುಷಿಯಾಗಿದ್ದೆ. ಮಾರನೇ ದಿನ ನಮ್ಮ ಅಮ್ಮನಿಗೆ ಓದಿಸಿದೆ. ‘ನ್ಯಾಯದ ಆಟಾನಾ?’ ಎಂದರು. ಒಂದು ಕೊಂಬು ಕಣ್ಣು ತಪ್ಪಿದರೆ ಮುಗಿಯಿತು, ಇಡೀ ಕಾಯ್ದೆಯೇ ಆಟವಾಗಿಬಿಡುತ್ತದೆ. ಅದನ್ನು ಕೈಬಿಟ್ಟೆ. ‘ನ್ಯಾಯದ ದಾಟುವಿಕೆ’ ಎಂದರೆ ಆ ಅಪಾಯ ಇಲ್ಲ, ಆದರೆ ‘ವಿಕೆ’ ಸ್ವಲ್ಪ ಭಾರ.

ಹೆಸರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಬಹುದು. ಕೆನಡಾದಲ್ಲಿ ಆದದ್ದನ್ನು ನೋಡಿ. ಅಲ್ಲಿನ ಸರ್ಕಾರ ಇಂಥದೇ ಒಂದು ಕಾಯ್ದೆ ತರಲು ಹೊರಟಾಗ ‘ಜಸ್ಟ್ ಟ್ರಾನ್ಸಿಷನ್’ ಎಂಬ ಹೆಸರಿಗೇ ತೈಲದ ನಾಡಾದ ಆಲ್ಬರ್ಟಾದಲ್ಲಿ ಜೋರು ವಿರೋಧ ಬಂತು. ನಮ್ಮ ಕೆಲಸ ಕಿತ್ತುಕೊಳ್ಳೋದಕ್ಕೆ ಇಟ್ಟ ಚಂದದ ಹೆಸರು ಎಂದು ಅಲ್ಲಿ ಕೇಳಿಸಿತು. ಕೊನೆಗೆ 2024ರ ಜೂನಿನಲ್ಲಿ ಕಾಯ್ದೆ ಬಂದಾಗ ಅದರ ಹೆಸರು ‘ಸಸ್ಟೈನಬಲ್ ಜಾಬ್ಸ್ ಆಕ್ಟ್’, ಅಂದರೆ ಬಾಳಿಕೆ ಬರುವ ಕೆಲಸಗಳ ಕಾಯ್ದೆ ಎಂದಾಗಿತ್ತು. ಪದ ಜನರ ಕಿವಿಯಲ್ಲಿ ಹೇಗೆ ಕೇಳಿಸುತ್ತದೆ ಅನ್ನುವುದು ಸಣ್ಣ ವಿಷಯ ಅಲ್ಲ.

ಜರ್ಮನಿಯವರು ಹೆಸರಿನಲ್ಲಿ ನ್ಯಾಯ ಎಂಬ ಪದವನ್ನೇ ತರಲಿಲ್ಲ. 2020ರ ಜುಲೈ 3ರಂದು ಅವರ ಸಂಸತ್ತು ಎರಡು ಕಾಯ್ದೆಗಳಿಗೆ ಒಂದೇ ದಿನ ಒಪ್ಪಿಗೆ ಕೊಟ್ಟಿತು. ಒಂದು ಕಲ್ಲಿದ್ದಲು ನಿಲ್ಲಿಸುವ ಕಾಯ್ದೆ, ತಡವೆಂದರೆ 2038ರ ಹೊತ್ತಿಗೆ. ಇನ್ನೊಂದು ಕಲ್ಲಿದ್ದಲ ಸೀಮೆಗಳನ್ನು ಬಲಪಡಿಸುವ ಕಾಯ್ದೆ. ಇದರಡಿ 2038ರವರೆಗೆ 4,000 ಕೋಟಿ ಯೂರೊ ತನಕ ಆ ಸೀಮೆಗಳಿಗೆ ಹೋಗಬೇಕು, ರೈಲು ದಾರಿಗೆ, ಸಂಶೋಧನಾ ಸಂಸ್ಥೆಗಳಿಗೆ, ಹೊಸ ಉದ್ಯೋಗಗಳಿಗೆ. 58 ದಾಟಿದ ಗಣಿ ಮತ್ತು ಸ್ಥಾವರದ ಕೆಲಸಗಾರರಿಗೆ ಪಿಂಚಣಿ ಬರುವವರೆಗೆ, ಐದು ವರ್ಷದ ತನಕ, ತಿಂಗಳು ತಿಂಗಳು ಹಣ ಕೊಡುವ ಏರ್ಪಾಡೂ ಉಂಟು. ಇದು ದಾಟಿಸುವುದು. ನಿಲ್ಲಿಸುವ ತಾರೀಕು ಒಂದು ಕೈಯಲ್ಲಿ, ಹಗ್ಗ ಇನ್ನೊಂದು ಕೈಯಲ್ಲಿ.

ಭಾಷೆಯ ಬಗ್ಗೆ ಪ್ರೀತಿ ಇರುವ ನಮಗೆ ಮುಖ್ಯವಾದ ಒಂದು ಮಾತು ಇಲ್ಲಿದೆ. ಜರ್ಮನಿಯ ಲೌಸಿಟ್ಸ್ ಸೀಮೆ ಸೋರ್ಬಿಯನ್ ಎಂಬ ಸಣ್ಣ ಸ್ಲಾವಿಕ್ ನುಡಿಯಾಡುವವರ ನಾಡು. ಅಲ್ಲಿ ಕಂದು ಕಲ್ಲಿದ್ದಲು ತೆಗೆಯಲು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಎಬ್ಬಿಸಿದರು. ಊರು ಚದುರಿದ ಮೇಲೆ ಆ ನುಡಿ ಆಡುವ ಬೀದಿಯೇ ಇಲ್ಲ. ಈಗ ಕಲ್ಲಿದ್ದಲ ಸೀಮೆಗೆ ಕೊಡುವ ನೆರವಿನಲ್ಲಿ ಸೋರ್ಬಿಯನ್ ನುಡಿ ಮತ್ತು ಸಂಸ್ಕೃತಿಗೂ ಪಾಲು ಇಟ್ಟಿದ್ದಾರೆ. ಇದನ್ನು ಓದಿದಾಗ ನನಗೆ ತಡೆಯಲಾಗದೆ ಮನೆಯವರನ್ನೆಲ್ಲ ಕರೆದು ಹೇಳಿದೆ.

ಸ್ಪೇನಿನವರು 2021ರ ಹವಾಮಾನ ಕಾಯ್ದೆಯಲ್ಲಿ ಒಂದೊಂದು ಸೀಮೆಯ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುವ ದಾರಿ ಇಟ್ಟಿದ್ದಾರೆ. ದಕ್ಷಿಣ ಆಫ್ರಿಕಾದವರು 2024ರ ತಮ್ಮ ಹವಾಮಾನ ಕಾಯ್ದೆಯಲ್ಲಿ ಈ ಪದಕ್ಕೆ ಅರ್ಥವನ್ನೇ ಬರೆದಿದ್ದಾರೆ. ಎಲ್ಲರಿಗೂ ಯೋಗ್ಯ ಕೆಲಸ, ಯಾರನ್ನೂ ಹೊರಗಿಡದಿರುವುದು, ಬಡತನ ಹೋಗಲಾಡಿಸುವುದು, ಮೂರೂ ಅದರಲ್ಲಿವೆ. ನಮ್ಮ ದೇಶದಲ್ಲಿ ಇದಕ್ಕೇ ಆದ ಕಾಯ್ದೆ ಇಲ್ಲ. ಜಾರ್ಖಂಡ್ 2022ರಲ್ಲಿ ಒಂದು ಕಾರ್ಯಪಡೆ ಮಾಡಿದೆ. ನಮ್ಮಲ್ಲಿ ಮುಚ್ಚಿದ ಕಾರ್ಖಾನೆಯವರು ಕೆಲಸಗಾರರಿಗೆ ಎಷ್ಟು ಕೊಡಬೇಕು ಅನ್ನುವುದಕ್ಕೆ 1947ರ ಕೈಗಾರಿಕಾ ವಿವಾದ ಕಾಯ್ದೆ ಹಾಕಿದ ಲೆಕ್ಕ ಇತ್ತು: ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಇಪ್ಪತ್ತು ವರ್ಷ ದುಡಿದವರಿಗೆ ಹತ್ತು ತಿಂಗಳ ಸಂಬಳ ಬಂತು ಎಂದುಕೊಳ್ಳಿ.

ಇದನ್ನು ನಾವು ‘ಪರಿಹಾರ’ ಎನ್ನುತ್ತೇವೆ. ಈ ಪದ ನನಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುತ್ತಿದೆ. ನಷ್ಟಕ್ಕೆ ಕೊಡುವ ಹಣವೂ ಪರಿಹಾರ, ಸಮಸ್ಯೆ ಬಗೆಹರಿಯುವುದೂ ಪರಿಹಾರ. ‘ಪರಿಹಾರ ಕೊಟ್ಟಾಯಿತು’ ಎಂದರೆ ಸಮಸ್ಯೆಯೂ ಬಗೆಹರಿದಂತೆ ಕೇಳಿಸುತ್ತದೆ. ಬಗೆಹರಿದಿರುವುದಿಲ್ಲ, ಅಲ್ವಾ? ಜರ್ಮನಿಯ ಕಾಯ್ದೆಯಲ್ಲಿ ಕಂದು ಕಲ್ಲಿದ್ದಲಿನ ಕಂಪನಿಗಳಿಗೆ ಕೊಡುವ 435 ಕೋಟಿ ಯೂರೊ ಬೇರೆ, ಸೀಮೆಗೆ ಕೊಡುವ 4,000 ಕೋಟಿ ಬೇರೆ, ಕೆಲಸಗಾರರ ತಿಂಗಳ ಹಣ ಬೇರೆ. ಕನ್ನಡದಲ್ಲಿ ಬರೆಯುವಾಗ ಮೂರಕ್ಕೂ ‘ಪರಿಹಾರ’ ಎಂದೇ ಬೆರಳು ಓಡುತ್ತದೆ. ನಾನು ಸದ್ಯಕ್ಕೆ ಕಂಪನಿಗೆ ‘ನಷ್ಟಭರ್ತಿ’, ಸೀಮೆಗೆ ‘ನೆರವು’, ಕೆಲಸಗಾರರಿಗೆ ‘ಆಸರೆ ಹಣ’ ಎಂದು ಬರೆದುಕೊಂಡಿದ್ದೇನೆ. ‘ಆಸರೆ’ ಸರಿಯಾ? ವೃದ್ಧಾಪ್ಯ ವೇತನದ ನೆನಪು ಬರುತ್ತದಾ?

ಇನ್ನು ‘ಕಲ್ಲಿದ್ದಲು ಅವಲಂಬಿತ ಪ್ರದೇಶ’. ‘ಪ್ರದೇಶ’ ಬಿಟ್ಟು ‘ಸೀಮೆ’ ಎಂದೆ. ಕಬ್ಬಿನ ಸೀಮೆ, ಬಯಲುಸೀಮೆ ಇದ್ದ ಹಾಗೆ ಕಲ್ಲಿದ್ದಲ ಸೀಮೆ. ‘ಅವಲಂಬಿತ’ಕ್ಕೆ ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಪದ ಇದೆ. ಮಂಡ್ಯದಲ್ಲಿ ಯಾರನ್ನೇ ಕೇಳಿ. ‘ನಾಲೆ ನಂಬ್ಕಂಡು ಇದೀವಿ’, ‘ಕಬ್ಬು ನಂಬ್ಕಂಡು ಸಾಲ ಮಾಡ್ದೆ’ ಎನ್ನುತ್ತಾರೆ. ನಂಬು ಅಂದರೆ ವಿಶ್ವಾಸ ಇಡು. ನಂಬು ಅಂದರೆ ಅದರ ಮೇಲೆ ಬದುಕು. ಎರಡೂ ಒಂದೇ ಪದ. ‘ಅವಲಂಬನೆ’ ಎಂದರೆ ಗೋಡೆಗೆ ಬಳ್ಳಿ ಹಬ್ಬಿದ ಹಾಗೆ, ಬಳ್ಳಿಯದೇ ಬಲಹೀನತೆ ಎನಿಸುತ್ತದೆ. ‘ನಂಬಿದ್ದರು’ ಎಂದರೆ ನಂಬಿಸಿಕೊಂಡವರ ಮೇಲೂ ಹೊಣೆ ಬರುತ್ತದೆ. ನಂಬಿದವರ ಕೈ ಬಿಡಬಾರದು ಎಂದು ನಾವೇ ಹೇಳುತ್ತೇವಲ್ಲ.

ಈ ‘ನಂಬು’ ಹೊಳೆದಾಗ ನಾನು ಶಿವನಸಮುದ್ರದಲ್ಲಿದ್ದೆ, ನೆಂಟರ ಜೊತೆ ಬ್ಲಫ್, ಅಂದರೆ ಅಲ್ಲಿನ ನೀರಿನ ಕರೆಂಟು ಸ್ಥಾವರದ ಜಾಗ, ನೋಡಲು ಹೋಗಿದ್ದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಆ ಜಾಗದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಅದು ಮೊದಲು ಹೋಗಿದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ. ನಮ್ಮ ಕಾವೇರಿಯ ನೀರನ್ನು ನಂಬಿ ಆ ಗಣಿ ಓಡಿತು, ಗಣಿಯನ್ನು ನಂಬಿ ಒಂದು ಪಟ್ಟಣ ಬೆಳೆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಇವತ್ತಿನವರೆಗೂ ಅಲ್ಲಿನ ಸಾವಿರಾರು ಜನ ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ವಾಪಸ್ ಬರುತ್ತಾರೆ. ಕಲ್ಲಿದ್ದಲಲ್ಲ, ಚಿನ್ನ. ಆದರೆ ಕೈಪಿಡಿಯಲ್ಲಿ ಜರ್ಮನಿಯ ಜೊತೆ ಈ ಉದಾಹರಣೆಯನ್ನೂ ಸೇರಿಸಬೇಕು ಎಂದು ನಾನು ಕೇಳಿಕೊಂಡಿದ್ದೇನೆ. ಕನ್ನಡ ನಾಡಿನಲ್ಲೇ ಆಗಿಹೋದದ್ದನ್ನು ಬಿಟ್ಟು ಬರೀ ಹೊರಗಿನದನ್ನು ಹೇಳಬಾರದು.

‘ಕ್ಲೀನ್ ಎನರ್ಜಿ’ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಶುದ್ಧ ಇಂಧನ’ ಎಂಬುದು ರೂಢಿ. ಆದರೆ ಇಂಧನ ಎಂದರೆ ಉರಿಸುವಂಥದ್ದು, ಸೌದೆ, ಎಣ್ಣೆ, ಕಲ್ಲಿದ್ದಲು. ಗಾಳಿಯನ್ನು ಯಾರೂ ಒಲೆಗೆ ಹಾಕುವುದಿಲ್ಲ. ‘ಶಕ್ತಿ’ ಎಂದರೆ ಈಗ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು 2023ರಿಂದ ಬಂದ ಬಸ್ಸಿನ ಯೋಜನೆ. ಕೈಪಿಡಿಯಲ್ಲಿ ಮಾತು ಪೂರ್ತಿ ವಿದ್ಯುತ್ತಿನದೇ ಆದ್ದರಿಂದ ‘ಹೊಗೆಯಿಲ್ಲದ ಕರೆಂಟು’ ಎಂದು ಬರೆದಿದ್ದೇನೆ. ‘ಶುದ್ಧ’ ಎಂದರೆ ಇಷ್ಟು ದಿನ ಕಲ್ಲಿದ್ದಲಿನಲ್ಲಿ ದುಡಿದವರ ಕೆಲಸ ಅಶುದ್ಧವಾಗಿತ್ತು ಎಂದಂತಾಗುತ್ತದೆ. ಅದು ನನಗೆ ಬೇಡ.

ಒಟ್ಟಿನಲ್ಲಿ ಈಗ ನನ್ನ ಕರಡು ಹೀಗಿದೆ. ಕಾಯ್ದೆಯ ಹೆಸರು ಬರುವಲ್ಲಿ ‘ನ್ಯಾಯದ ದಾಟುವಿಕೆ’. ವಾಕ್ಯದೊಳಗೆ ‘ದಾಟಿಸು’. ಉದಾಹರಣೆಗೆ, ‘ಕಲ್ಲಿದ್ದಲನ್ನು ನಂಬಿದ ಸೀಮೆಯ ಜನರನ್ನು ಕೈಬಿಡದೆ ಹೊಸ ಕೆಲಸಕ್ಕೆ ದಾಟಿಸುವುದು ಸರ್ಕಾರದ ಹೊಣೆ.’ ಗೆಳತಿ ಕಳಿಸಿದ ಆ ‘ಕೇವಲ ಪರಿವರ್ತನೆ’ಯ ವಾಕ್ಯದ ಪಕ್ಕ ಇದನ್ನಿಟ್ಟು ಓದಿ ನೋಡಿ.

ಮುಖ್ಯವಾಗಿ ಮೂರು ಕಡೆಯವರ ಉತ್ತರ ಬೇಕು. ರಾಯಚೂರು, ಬಳ್ಳಾರಿಯವರು: ಸ್ಥಾವರದ ಕೆಲಸಗಾರರು ‘ಘಟಕ ನಿಲ್ಲಿಸ್ತಾರಂತೆ’ ಎಂದು ತಮ್ಮತಮ್ಮಲ್ಲಿ ಮಾತಾಡುವಾಗ ಯಾವ ಪದ ಬಳಸುತ್ತಾರೆ? ಕೆಜಿಎಫ್ ಕಡೆಯವರು: ಗಣಿ ಮುಚ್ಚಿದ ಮೇಲೆ ಬಂದ ಹಣಕ್ಕೆ ಮನೆಗಳಲ್ಲಿ ಏನೆಂದು ಹೆಸರಿತ್ತು? ಕರಾವಳಿಯವರು: ಹೊಳೆ ದಾಟಿಸುವವನಿಗೆ, ಆ ಕೆಲಸಕ್ಕೆ ನಿಮ್ಮಲ್ಲಿ ಬೇರೆ ಮಾತು ಇದೆಯಾ? ‘ವಿಕೆ’ಯ ಭಾರ ಇಲ್ಲದ ಒಂದು ಪದ ಅಲ್ಲೆಲ್ಲೋ ಇರಬೇಕು ಎಂದು ನನಗೆ ಅನ್ನಿಸುತ್ತಿದೆ. ಮುಂದಿನ ತಿಂಗಳ ಹತ್ತಕ್ಕೆ ಕರಡು ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಬರೆದರೆ ಸೇರಿಸುತ್ತೇನೆ.

ಪ್ರೀತಿಯಿಂದ,
ಮಂಡ್ಯದಿಂದ ನಿಮ್ಮವಳು